ಹಿತ್ತಾಳೆ ಕೊಂಬು

"ಇದ್ರಲ್ಲಿ ಜೀವ ಇಲ್ಲ ಸಾಬ್ರೇ," ಎಂದು ಮಂಚಯ್ಯ ಹೊಸ ಹಿತ್ತಾಳೆ ಕೊಂಬನ್ನು ಜಬ್ಬಾರನ ಮುಂದೆ ಕುಕ್ಕಿದ. "ಹಳೇದು ತಾಮ್ರ. ತಾಮ್ರದ್ ದನಿ ಹಿತ್ತಾಳೇಗೆಲ್ಲಿ ಬತ್ತದೆ? ಬ್ಯಾರೆ ಮಾಡ್ಕೊಡಿ. ಸೋಮಾರ ಊರ್ ಯಜಮಾನ್ರು ಊದೋದ್ ಕೇಳಕ್ ಬತ್ತಾರೆ."

ಬೀರೇದೇವರು ಗುಡಿಯಿಂದ ಹೊರಡಬೇಕಾದರೆ ಕೊಂಬಿನಲ್ಲಿ ಒಂದೇ ಉಸಿರಿಗೆ ಮೂರು ಕೂಗು ಹಾಕಬೇಕು. ಅದು ಮಂಚಯ್ಯನ ಮನೆಯವರ ಹಕ್ಕು. ಕೂಗು ತುಂಡಾದರೆ ದೇವರು ಮೇಲೇಳುವುದಿಲ್ಲ. ಕೊಂಬು ದಾಯಾದಿ ಕನಕರಾಜುವಿನ ಮನೆಗೆ ಹೋಗುತ್ತದೆ. ಎರಡು ತಿಂಗಳ ಹಿಂದೆ ಕೋಡಿಹಳ್ಳಿ ರಸ್ತೆಯಲ್ಲಿ ಮಂಚಯ್ಯ ಬೈಕಿನಿಂದ ಬಿದ್ದಾಗ ಹಳೆಯ ಕೊಂಬು ಸೀಳಿತ್ತು. ಊರೆಲ್ಲ ಬಂದು ಅದನ್ನು ಮುಟ್ಟಿ ಮುಟ್ಟಿ ನೋಡಿ ಮರುಗಿತ್ತು.

ಚನ್ನಪಟ್ಟಣದ ಬ್ಯಾಂಡ್‌ಸೆಟ್ಟುಗಳ ವಾದ್ಯವನ್ನೆಲ್ಲ ರಿಪೇರಿ ಮಾಡುವ ಜಬ್ಬಾರ್ ಎರಡೂ ಕೊಂಬನ್ನು ಹತ್ತಿರಕ್ಕೆಳೆದುಕೊಂಡ. ಹಳೆಯ ಕೊಂಬಿನ ಸೀಳಿಗೆ ಟೇಪು ಬಿಗಿದ. "ನಯನಾ, ಗೋಡೆ ಕಡೆ ತಿರುಕ್ಕೊಮ್ಮ. ಎರಡೂ ಊದ್ತೀನಿ. ನಿಮ್ಮನೇದು ಯಾವ್ದು, ಹೇಳು," ಎಂದ ಮಂಚಯ್ಯನ ಮಗಳಿಗೆ.

ಊದಿದ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು.

"ಮೊದ್ಲುದು," ಎಂದಳು ಮಗಳು, ತಿರುಗದೆ. "ಮೊದ್ಲುದೇ ನಮ್ದು ಕಣಪ್ಪ. ನಂಗೊತ್ತಾಗಕಿಲ್ವಾ?"

ಮೊದಲು ಊದಿದ್ದು ಹಿತ್ತಾಳೆಯದು.

ಮಂಚಯ್ಯ ಅದನ್ನು ಕಿತ್ತುಕೊಂಡು ಬಾಯಿಗಿಟ್ಟ. ಕತ್ತಿನ ನರ ಉಬ್ಬಿದವು. ಪುಸ್ಸೆಂದು ಗಾಳಿ ತುಟಿಯ ಸಂದಿಯಲ್ಲಿ ಸೋರಿತು.

"ಅವತ್ತು ಬಿದ್ದಾಗ ಕೊಂಬೊಂದೇ ಹೋಯ್ತಾ ಮಂಚಣ್ಣ?" ಎಂದ ಜಬ್ಬಾರ್.

ಮಂಚಯ್ಯನ ನಾಲಿಗೆ ತಾನಾಗಿ ಮೇಲಿನ ಖಾಲಿ ಒಸಡಿಗೆ ಹೋಯಿತು. ಎರಡು ಹಲ್ಲು. ರಕ್ತ ಉಗಿದು, ಮಣ್ಣಿನಿಂದ ಕೊಂಬನ್ನು ಎತ್ತಿಕೊಂಡಿದ್ದ. ಹಲ್ಲಿನ ಯೋಚನೆ ಅವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ.

"ಹಲ್ಲು ಕಟ್ಟುಸ್ಕಂಡ್ರೆ?"

"ಕಟ್ಟುಸ್ಕೋ. ಊದೋದು ಮಾತ್ರ ಮೊದ್ಲಿಂದ ಕಲೀಬೇಕು. ಆರು ತಿಂಗ್ಳಾದ್ರೂ ಬೇಕು."

"ನಾಕೇ ದಿನ ಐತೆ ಸಾಬ್ರೇ." ಅವನು ಕೊಂಬನ್ನು ತಿರುಗಿಸಿ ತಿರುಗಿಸಿ ನೋಡಿದ. "ಬೆಳ್ಳೀಲಿ ಮಾಡುದ್ರೆ? ಕುರಿ ಮಾರ್ಬುಡ್ತೀನಿ."

"ನಿಮ್ಮಪ್ಪ ಇದ್ದಿದ್ರೆ ಪ್ಲಾಸ್ಟಿಕ್ ಪೈಪ್ ಕೊಟ್ರೂ ಊದೋರು," ಎಂದ ಜಬ್ಬಾರ್. ನಗಿಸಲೆಂದು ಹೇಳಿದ ಮಾತು. ಯಾರೂ ನಗಲಿಲ್ಲ.

ಕನಕಪುರದ ಬಸ್ಸಿನಲ್ಲಿ ಮಂಚಯ್ಯ ಕೊಂಬನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಚನ್ನಪಟ್ಟಣ ದಾಟಿತೋ ಇಲ್ಲವೋ ಗೊತ್ತಾಗಲಿಲ್ಲ. ಟವಲನ್ನು ತಲೆಯ ಮೇಲೆಳೆದುಕೊಂಡು, ಅದರ ಮರೆಯಲ್ಲಿ ಮತ್ತೊಮ್ಮೆ ಬಾಯಿಟ್ಟ. ಪಕ್ಕದಲ್ಲಿದ್ದ ನಯನ ಕಿಟಕಿಯತ್ತ ಮುಖ ತಿರುಗಿಸಿದಳು.

ತುಟಿ ತೆಗೆದಾಗ ಹಿತ್ತಾಳೆಯ ಮೇಲೆ ಉಸಿರಿನ ಮಸುಕು ಕೂತಿತ್ತು. ಅವನು ನೋಡುತ್ತಿದ್ದಂತೆ ಅದು ಅಂಚಿನಿಂದ ಒಳಕ್ಕೆ, ಮೆಲ್ಲಗೆ ಆರಿತು.