ಮೂವತ್ತು ಮುಚ್ಚಳ

ಪರ್ವತದ ಹೆಗಲ ಮೇಲಿನ ಹಿಮ ಕರಗುವವರೆಗೆ ಒಂದು ಸಸಿಯನ್ನೂ ನೆಲಕ್ಕಿಳಿಸುವುದಿಲ್ಲ ಎಂದು ಹನ್ನೊಂದು ವರ್ಷದ ಹಿಂದೆ ತೂದಾ ಸಾಯುತ್ತಿದ್ದ ಅತ್ತೆಗೆ ಮಾತು ಕೊಟ್ಟಿದ್ದಳು. ಅಂದಿನಿಂದ ಪ್ರತಿ ವರ್ಷ ಮಂಜು ಹೆಪ್ಪುಗಟ್ಟಿದ ಕೊನೆಯ ಬೆಳಗನ್ನು ಅಡಿಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಗುರುತು ಹಾಕುತ್ತಿದ್ದಳು. ಒಂದು ಗುರುತೂ ಏಪ್ರಿಲ್ ಇಪ್ಪತ್ತಕ್ಕಿಂತ ಮುಂಚಿನದಲ್ಲ.

ಈ ಸಲ ಹಿರಿಯರು ಏಪ್ರಿಲ್ ಎರಡನೇ ತಾರೀಕಿಗೇ ಕಾಲುವೆ ಬಿಡಲು ತೀರ್ಮಾನಿಸಿದ್ದರು. ಆ ದಿನ ಹಸಿರಿಲ್ಲದ ತೋಟಕ್ಕೆ ವರ್ಷವಿಡೀ ನೀರಿನ ಸರದಿಯಿಲ್ಲ. ಅದು ಪಕ್ಕದ ತೋಟಕ್ಕೆ. ಪಕ್ಕದ ತೋಟ ಮೈದುನ ಮೋಹಾನದು.

"ಅಮ್ಮಂಗೆ ಕೊಟ್ಟ ಮಾತು ನೆನಪಿದೆ ತಾನೆ, ಅತ್ತಿಗೆ?" ಅದರ ಹಿಂದಿನ ದಿನ ಬದುವಿನ ಮೇಲೆ ಕೂತು ಅವನು ಕೇಳಿದ. "ನೆಟ್ರೆ ಚಳಿಗೆ ಸಾಯ್ತವೆ, ನೆಡದಿದ್ರೆ ನೀರು ಹೋಗುತ್ತೆ. ಯಾಕೆ ಒದ್ದಾಡ್ತೀಯ? ನಿನ್ನ ಸರದಿ ನಾನು ನೋಡ್ಕೋತೀನಿ ಬಿಡು."

"ನನ್ನ ಮಕ್ಕಳ ಊಟಾನೂ ನೀನೇ ನೋಡ್ಕೋತೀಯೇನಪ್ಪ?"

ಗಂಡ ಹೋದ ಮೇಲೆ ಆ ಮೆಣಸಿನಕಾಯಿ ತೋಟ ಒಂದೇ ಅವಳ ಆಧಾರವೆಂದು ಅವನಿಗೂ ಗೊತ್ತಿತ್ತು.

ತೂದಾ ಆ ಮಧ್ಯಾಹ್ನವೇ ಮೂವತ್ತು ಸಸಿ ನೆಟ್ಟಳು. ಸಂಜೆ ಕತ್ತೆಯ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಮನೆ ಮನೆ ತಿರುಗಿದಳು. ಕೇಳಿದ್ದು ಒಂದೇ: ಮಾಂಸ ಬೇಯಿಸುವ ತಾಜಿನ್ ಮಡಕೆಯ, ಗೋಪುರದಂಥ ಮಣ್ಣಿನ ಮುಚ್ಚಳ.

"ಮುಚ್ಚಳ ಕೊಟ್ಟು ಅಡಿಗೆ ಏನೇ ಮಾಡ್ಲಿ?" ಎಂದಳು ಮುದುಕಿ ಯಮ್ನಾ.

"ಹತ್ತೊಂಬತ್ತು ದಿನ ಬೇಳೆ ಗಂಜಿ ಕುಡೀರಿ, ಅಜ್ಜಿ."

"ನಮ್ಮ ಯಜಮಾನ್ರನ್ನೂ ಒಯ್ಯಿ. ಮುಚ್ಚಳದ ಹಂಗೆ ಕೂತಲ್ಲೇ ಕೂತಿರ್ತಾರೆ!"

ಬೆಳಗಾದಾಗ ನೆಲವೆಲ್ಲ ಬೆಳ್ಳಗಿತ್ತು. ಸಾಲು ಸಾಲು ಮುಚ್ಚಳಗಳ ಮೇಲೆ ಮಂಜು ಉಪ್ಪಿನಂತೆ ಕಚ್ಚಿಕೊಂಡಿತ್ತು. ಹಸಿರು ನೋಡಿ ನೀರಿನ ಸರದಿ ಹಂಚುವ ನೀರುಗಂಟಿ ಸನಿಕೆ ಹೊತ್ತು ಬಂದ. ಹಿಂದೆಯೇ ಮೋಹಾ.

"ಇದೇನು, ಗೋರಿ ಕಟ್ಟಿದ್ದೀಯ?" ಮೋಹಾ ನಕ್ಕ.

"ಹಸಿರೆಲ್ಲಮ್ಮ?" ಎಂದ ನೀರುಗಂಟಿ.

"ಯಾವುದು ಬೇಕೋ ಎತ್ತಿ ನೋಡಿ."

ಮೋಹಾ ಮುಂದೆ ಬಂದು ಹತ್ತಿರದ ಮುಚ್ಚಳಕ್ಕೆ ಕೈ ಹಾಕಿದವನು ಹಾಗೇ ನಿಂತ. ತುದಿಯ ಹಿಡಿ ಒಡೆದಿತ್ತು. ಅದಕ್ಕೆ ಸುತ್ತಿದ್ದ ಕೆಂಪು ತಂತಿ ಕಳೆದ ರಂಜಾನಿನಲ್ಲಿ ಅವನೇ ಸುತ್ತಿದ್ದು.

"ನಿನ್ನ ಹೆಂಡ್ತಿ ಫಾದ್ಮಾನೇ ಕೊಟ್ಟಳು," ಎಂದಳು ತೂದಾ. "ಇನ್ನು ಹದಿನೆಂಟು ದಿನ ನಿಮ್ಮನೇಲೂ ಗಂಜೀನೇ."

ಅವನು ಮುಚ್ಚಳ ಎತ್ತಿದ. ಒಳಗೆ ನಾಲ್ಕು ಎಲೆ ನೆಟ್ಟಗೆ ನಿಂತಿದ್ದವು.

ನೀರುಗಂಟಿ ಕಾಲುವೆಯ ಬಾಯಿಗೆ ಹೋಗಿ ಮಣ್ಣಿನ ಕಟ್ಟೆಗೆ ಸನಿಕೆ ಹಾಕಿದ. ಕೆಂಪು ನೀರು ಕಡ್ಡಿ ಕಸ ನೂಕಿಕೊಂಡು ತೂದಾಳ ಮೊದಲ ಸಾಲಿಗೆ ನುಗ್ಗಿತು.

ಮುಚ್ಚಳಗಳನ್ನೆಲ್ಲ ಎತ್ತಿ ನೋಡಿದಾಗ ಆರು ಸಸಿ ಸತ್ತಿದ್ದವು, ಇಪ್ಪತ್ತನಾಲ್ಕು ಉಳಿದಿದ್ದವು. ಪರ್ವತದ ಹೆಗಲ ಮೇಲೆ ಹಿಮ ಹಾಗೇ ಇತ್ತು. ಅತ್ತೆಗೆ ಕೊಟ್ಟ ಮಾತನ್ನು ತೂದಾ ಮುರಿದಿದ್ದಳು.