ಮೀನಿಗೆ ಬಿದ್ದ ಕಣ್ಣು

ಸುಧಾ ಚೊಚ್ಚಲ ಹೆರಿಗೆಗೆಂದು ಚನ್ನಗಿರಿಯ ತವರಿಗೆ ಬಂದ ವಾರವೇ ಅವಳ ತಮ್ಮ ಮಹಾಂತೇಶ ಮನೆಯ ಪಡಸಾಲೆಯಲ್ಲಿ ಗಾಜಿನ ತೊಟ್ಟಿ ಇಡಿಸಿದ. ಬಸುರಿ ಚಂದದ್ದನ್ನು ನೋಡಬೇಕೆಂದು ತಾಯಿ ಲಕ್ಷ್ಮಮ್ಮ ಹೇಳಿದ್ದೇ ನೆಪ. ದಾವಣಗೆರೆಯಿಂದ ಸಮುದ್ರದ ಮೀನೊಂದು ಬಂತು. ಕಿತ್ತಳೆ ಬಣ್ಣದ ಮೈ, ಅದರ ಮೇಲೆ ಬಿಳಿ ಪಟ್ಟೆ. ಅದಕ್ಕೆ ಬೇರೆಯೇ ಉಪ್ಪು, ಬೇರೆಯೇ ನೀರು. ಸಂತೆಯಲ್ಲಿ ಸೂಳೆಕೆರೆಯ ಮೀನನ್ನು ಮಾತ್ರ ಕಂಡಿದ್ದ ಓಣಿಯ ಜನ ಬಂದು ಬಂದು ನೋಡಿ ಹೋದರು.

ಹೊನ್ನೂರಮ್ಮನೂ ಬಂದಳು. ಓಣಿಯ ಕೂಸುಗಳಿಗೆಲ್ಲ ಎಣ್ಣೆ ತಿಕ್ಕಿ ನೀರು ಹಾಕುವವಳು ಅವಳೇ. ಸುಧಾ ಕೂಡ ಅವಳ ಕಾಲ ಮೇಲೆ ಮಲಗಿ ಮಿಂದವಳು. ಆದರೆ ಹೊನ್ನೂರಮ್ಮನಿಗೆ ಸ್ವಂತ ಮಕ್ಕಳಿಲ್ಲ, ಗಂಡನೂ ತೀರಿಕೊಂಡಿದ್ದ.

"ಅಯ್ಯೋ ನನ್ನವ್ವ, ಎಷ್ಟು ಚಂದ ಐತೆ! ನೋಡ್ತಾ ಇದ್ರೆ ಹೊಟ್ಟೆ ತುಂಬ್ತೈತೆ," ಎಂದು ಗಾಜಿಗೆ ಮುಖವಿಟ್ಟು ನೋಡಿದಳು.

ಮರುದಿನ ಬೆಳಿಗ್ಗೆ ಮೀನು ಮಗ್ಗುಲಾಗಿ ತೇಲುತ್ತಿತ್ತು. ಮಹಾಂತೇಶ ಅಂಗಡಿಯವನಿಗೆ ಫೋನ್ ಮಾಡಿದ.

"ಹೊಸ ನೀರಿಗೆ ಒಗ್ಗಿರಾಕಿಲ್ಲ, ಇಲ್ಲಾ ದಾರಿಯಾಗೆ ಸುಸ್ತಾಗಿರಬೇಕು. ಇಂಥದ್ದೇ ಅಂತ ಹೇಳಾಕೆ ಬರಲ್ಲ ಸಾರ್."

ಗೊತ್ತಿಲ್ಲ ಎಂಬ ಉತ್ತರ ನಮ್ಮ ಜನಕ್ಕೆ ಅರಗುವುದಿಲ್ಲ. ಲಕ್ಷ್ಮಮ್ಮನಿಗಂತೂ ಗಂಟಲಲ್ಲೇ ಇಳಿಯಲಿಲ್ಲ.

"ಕಾರಣ ಹುಡುಕಾಕೆ ಫೋನ್ ಯಾಕೆ? ಆ ಬಂಜೆ ಕಣ್ಣು ಬಿತ್ತು, ಮೀನು ಸತ್ತೋತು."

"ಆಕೆ ಕೈಯಾಗೆ ಬೆಳೆದೋಳು ನಾನು. ನನಗೇನಾಗೈತಮ್ಮ?" ಎಂದಳು ಸುಧಾ.

"ಆಗ ಆಕೆಗೂ ಮಕ್ಕಳಾಗೋ ಆಸೆ ಇತ್ತು. ಈಗ ಏನೈತೆ ಹೇಳು? ನನಗೇನು ಆಕೆ ಮೇಲೆ ಹಗೆನಾ? ನಿನ್ನ ಹೊಟ್ಟೆಯಾಗಿರೋ ಕೂಸಿನ ಚಿಂತೆ ನನಗೆ. ಬಾಣಂತನಕ್ಕೆ ಆಕೆ ಬ್ಯಾಡ."

ಮಾತು ನಲ್ಲಿ ಕಟ್ಟೆಗೆ ಹೋಯಿತು, ಅಲ್ಲಿಂದ ಮನೆಮನೆಗೆ. ಹೊನ್ನೂರಮ್ಮ ಎದುರಾದರೆ ತಾಯಂದಿರು ಕೂಸಿನ ಮುಖಕ್ಕೆ ಸೆರಗು ಎಳೆಯತೊಡಗಿದರು. ನೀರು ಹಾಕಲು ಕರೆಯುತ್ತಿದ್ದ ಮನೆಗಳು ಒಂದೊಂದಾಗಿ ನೆವ ಹೇಳಿದವು. ಅವಳು ಯಾರನ್ನೂ ಕೇಳಲಿಲ್ಲ, ಜಗಳಕ್ಕೆ ನಿಲ್ಲಲಿಲ್ಲ. ನೆಲ ನೋಡಿಕೊಂಡು ಓಡಾಡುವುದನ್ನು ಕಲಿತಳು.

ಸುಧಾಗೆ ಹೆಣ್ಣು ಮಗು ಹುಟ್ಟಿತು. ಲಕ್ಷ್ಮಮ್ಮ ತಾನೇ ನೀರು ಹಾಕಲು ಹೋಗಿ ದಿನವೂ ಕೂಸಿನ ಮೂಗಿಗೆ ನೀರು, ಕಣ್ಣಿಗೆ ಸೋಪು. ಬಚ್ಚಲಲ್ಲಿ ಮಗು ಕಿರುಚಿದರೆ ಕೋಣೆಯಲ್ಲಿ ಬಾಣಂತಿಯೂ ಅಳುತ್ತಿದ್ದಳು.

ಸೋದರಮಾವನಾದ ಖುಷಿಗೆ ಮಹಾಂತೇಶ ಅಂಥದೇ ಇನ್ನೊಂದು ಮೀನು ತಂದ. ಅಂಗಡಿಯವನು ಹೇಳಿದಂತೆ ನೀರು ಹದಮಾಡಿ, ಮೀನು ಬಿಟ್ಟು, ಬಸ್ಸಿನ ಡ್ಯೂಟಿಗೆ ಹೊರಟುಹೋದ. ಈ ಸಲ ಲಕ್ಷ್ಮಮ್ಮ ಕಾವಲಿಗೆ ನಿಂತಳು. ತೊಟ್ಟಿಗೆ ದುಪ್ಪಟಿ ಹೊದಿಸಿ, ಯಾರು ಬಂದರೂ ತೆಗೆಯಲಿಲ್ಲ. ಸುಧಾ ಕೋಣೆ ಬಿಟ್ಟು ಬರುವಂತಿರಲಿಲ್ಲ. ಕಾಳು ಹಾಕುವಾಗ ಲಕ್ಷ್ಮಮ್ಮನೊಬ್ಬಳೇ ದುಪ್ಪಟಿ ಸರಿಸಿ ನೋಡುತ್ತಿದ್ದಳು, ಕಣ್ಣು ಕೀಳದೆ ನೋಡುತ್ತಿದ್ದಳು.

ಮಹಾಂತೇಶ ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಅದೂ ಸತ್ತಿತ್ತು.

"ಈ ಸಲ ಯಾರಮ್ಮ ನೋಡಿದ್ದು?" ಎಂದು ಅವನು ಕೇಳಿದ. ಲಕ್ಷ್ಮಮ್ಮ ದುಪ್ಪಟಿಯನ್ನು ಮತ್ತೆ ತೊಟ್ಟಿಯ ಮೇಲೆ ಎಳೆದಳು.

ಅಂದು ಸಂಜೆ ಮಗು ಎಷ್ಟು ಅತ್ತರೂ ಅವಳು ಎತ್ತಿಕೊಳ್ಳಲಿಲ್ಲ. ಕೋಣೆಯ ಬಾಗಿಲಲ್ಲೇ ಗೋಡೆ ಕಡೆ ಮುಖಮಾಡಿ ಕೂತಿದ್ದಳು.

"ನಾನಿನ್ನು ಕೂಸಿನ ಮುಖ ನೋಡಾಕಿಲ್ಲ ಕಣೆ. ಆ ಮೀನಿನ ಮೇಲೆ ಬಿದ್ದಿದ್ದು ನನ್ನೊಬ್ಬಳದೇ ಕಣ್ಣು. ಕೂಸಿಗೆ ಏನಾದ್ರೂ ಆದ್ರೆ?"

ತಿರುಗಿಸಿ ಹೇಳಲು ಸುಧಾಳ ಬಾಯಲ್ಲಿ ಎಷ್ಟೋ ಮಾತಿದ್ದವು. ತಾಯಿ ಗೋಡೆಯಿಂದ ಮುಖ ತಿರುಗಿಸದ್ದನ್ನು ಕಂಡು ಅವನ್ನೆಲ್ಲ ನುಂಗಿಕೊಂಡಳು.

"ನಿನ್ನ ಕಣ್ಣಾಗೆ ಏನೈತೆ ಅಂತ ನನಗೆ ಗೊತ್ತಿಲ್ವಾ ಅಮ್ಮ? ಬರೀ ಆಸೆ ಐತೆ. ಹೊನ್ನೂರತ್ತೆ ಕಣ್ಣಾಗೂ ಅದೇ ಇದ್ದಿದ್ದು."

ಲಕ್ಷ್ಮಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮೊಮ್ಮಗುವನ್ನು ಒಂದು ಹೊತ್ತು ನೋಡದಿರುವುದೇ ಇಷ್ಟು ಸಂಕಟ. ಒಂದು ಓಣಿಯ ಕೂಸುಗಳನ್ನೆಲ್ಲ ಆಡಿಸಿದವಳಿಗೆ ತಾನು ಎಂಥ ಶಿಕ್ಷೆ ಕೊಟ್ಟೆನೆಂದು ಆಗ ಅವಳಿಗೆ ತಿಳಿಯಿತು.

ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರುವ ಹೊತ್ತಿಗೇ ಅವಳು ನಲ್ಲಿ ಕಟ್ಟೆಯ ಎದುರಿಗಿದ್ದ ಹೊನ್ನೂರಮ್ಮನ ಬಾಗಿಲಲ್ಲಿ ನಿಂತಳು.

"ಹೊನ್ನೂರಮ್ಮ, ನಮ್ಮ ಕೂಸಿಗೆ ನೀರು ಹಾಕಾಕೆ ಬಾರೆ."

"ಬ್ಯಾಡ ಬಿಡು ಲಕ್ಷ್ಮಕ್ಕ. ನನ್ನ ಕಣ್ಣು..."

"ಆ ಮಾತು ಹುಟ್ಟಿಸಿದೋಳು ನಾನು. ಸುಳ್ಳು ಮಾತು. ನನ್ನದು ತಪ್ಪಾತು, ನಡಿ." ಕೊಡ ಹಿಡಿದು ನಿಂತವರಿಗೆಲ್ಲ ಕೇಳುವಂತೆಯೇ ಹೇಳಿದಳು.

ಬಚ್ಚಲಲ್ಲಿ ಹೊನ್ನೂರಮ್ಮ ಮಣೆಯ ಮೇಲೆ ಕಾಲು ಚಾಚಿ ಕೂತಳು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿದಳು. ಕೂಸು ಅಳಲಿಲ್ಲ. ಆದರೆ ಅವಳ ಮುಖ ಗೋಡೆಯ ಕಡೆಗಿತ್ತು, ಕಣ್ಣು ಮುಚ್ಚಿತ್ತು. ನೀರು ಹುಯ್ಯಲು ನಿಂತಿದ್ದ ಲಕ್ಷ್ಮಮ್ಮ ಚೊಂಬು ಕೆಳಗಿಟ್ಟಳು.

"ನೋಡೆ ಹೊನ್ನೂರಮ್ಮ."

"ಹೆದರಿಕೆ ಆಗ್ತೈತಕ್ಕ."

"ನನಗೂ ಆಗ್ತೈತೆ. ನಿನ್ನೆಯಿಂದ ನಾನೂ ಇದರ ಮುಖ ನೋಡಿಲ್ಲ. ಬಾ, ಇಬ್ರೂ ಕೂಡಿ ನೋಡಾಣ."

ಲಕ್ಷ್ಮಮ್ಮ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅವಳ ಭುಜ ಹಿಡಿದುಕೊಂಡಳು. ಇಬ್ಬರೂ ಮೆಲ್ಲಗೆ ಬಗ್ಗಿದರು. ಎಣ್ಣೆ ಮೆತ್ತಿದ ಮುಖದ ಆ ಕೂಸು ಆಗಲೇ ಕಣ್ಣು ಅಗಲಿಸಿಕೊಂಡು ಅವರಿಬ್ಬರನ್ನೂ ನೋಡುತ್ತಿತ್ತು.