ಮೂರನೆಯ ಘಟಕ

ತಮ್ಮನನ್ನು ಹೂಳಲು ಕುಣಿ ಅಗೆಯುತ್ತಿದ್ದ ಅಡಿವೆಪ್ಪ ಒಮ್ಮೆಗೇ ಮೇಲೆ ಹಾರಿ, ಕೈಯಲ್ಲಿದ್ದ ಸಲಿಕೆಯನ್ನು ಬಿಡದೆ ಬದುವಿನ ಮೇಲೆ ಓಡಿದ. ಪಾರಿಶ್ವಾಡದ ಆ ಹೊಲದ ಅಂಚಿಗೆ ರೂಪಾಲಿಯ ಕಾರು ಆಗಷ್ಟೇ ಬಂದು ನಿಂತಿತ್ತು. ಹಿಂದಿನ ಬಾಗಿಲು ತೆಗೆದು ಅವಳ ವಿದ್ಯಾರ್ಥಿನಿ ಸಾನಿಕಾ ಇಳಿದಳು. ಅವಳ ಹಿಂದೆ ಅವಳ ತಾಯಿ ಕೃಷ್ಣಾಬಾಯಿ, ಬಲಗೈಗೆ ಪ್ಲಾಸ್ಟರು.

“ಇಕಿ ಗಂಡ ನನ್ನ ತಮ್ಮನ್ನ ಕೊಂದಾನ! ಯಾರು ಕರಕೊಂಡು ಬಂದ್ರು ಇಕಿನ್ನ ಇಲ್ಲಿಗೆ?” ಎಂದು ಅಡಿವೆಪ್ಪ ಅರಚಿದ.

“ನಾನರೀ,” ಎಂದು ರೂಪಾಲಿ ಎರಡೂ ಕೈ ಅಗಲಿಸಿ ಅಡ್ಡ ನಿಂತಳು. “ಸರ್ ಅವರ ಮಾರಿ ಒಮ್ಮೆ ನೋಡ್ತೀವಿ ಅಂದ್ರು. ನೋಡ್ಕೊಂಡು ಹೋಗ್ತಾರ.”

“ಬಾಜು ಸರೀರಿ ಮೇಡಮ್ಮಾರ!”

ಅವಳು ಸರಿಯಲಿಲ್ಲ. ಸಲಿಕೆಯ ಹಿಡಿ ಅವಳ ಭುಜಕ್ಕೆ ಬಡಿಯಿತು. ಕಣ್ಣಿಗೆ ಕತ್ತಲೆ ಬಂದು ರೂಪಾಲಿ ಹೆಂಟೆಗಳ ಮೇಲೆ ಮಂಡಿಯೂರಿದಳು. ಅಡಿವೆಪ್ಪನ ಹಿಂದೆ ಓಡಿ ಬಂದಿದ್ದ ಹುಡುಗರಲ್ಲಿ ಒಬ್ಬ ಕೂಗಿದ: “ಇವರನ್ನೇನು ಹೊಡೀತೀರಿ ಕಾಕಾ, ಖಾನಾಪುರಕ್ಕ ಹೋಗೂಣು ನಡೀರಿ! ಅವರ ಮರಾಠಿ ಓಣಿಗೇ ಬೆಂಕಿ ಹಚ್ಚೂಣು!”

ಆಚೆ ಬೇವಿನ ಮರದಡಿ, ಹೂವಿನ ಹಾರ ಹಾಕಿ ಕುಳ್ಳಿರಿಸಿದ್ದ ಗುರುಪುತ್ರಪ್ಪನವರ ಶವದ ತಲೆಗೆ ಬಿಳಿ ರುಮಾಲು ಸುತ್ತಿದ್ದರು. ಒಡೆದ ಜಾಗ ಕಾಣಬಾರದೆಂದು.

*

ಬೆಳಗಾವಿಯ ಒಂದು ಕಾಲೇಜಿನಲ್ಲಿ ಗುರುಪುತ್ರಪ್ಪನವರು ಸಮಾಜಕಾರ್ಯ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ. ಕೇಳಿದವರಿಗೆ, “ನಮ್ಮಪ್ಪನ ಸಿಟ್ಟು ನನಗೂ ಬಂದದರೀ, ಇನ್ನೊಬ್ಬಾಕಿಗೆ ಯಾಕ ತ್ರಾಸು?” ಎಂದು ನಗುತ್ತಿದ್ದರು. ಅದು ನಗುವ ಮಾತಲ್ಲವೆಂದು ಅದೇ ವಿಭಾಗದಲ್ಲಿ ಕಲಿಸುತ್ತಿದ್ದ ರೂಪಾಲಿಗೆ ತಿಳಿದದ್ದು ವಿಶ್ವವಿದ್ಯಾಲಯ ಅವರಿಬ್ಬರಿಗೂ ಪಠ್ಯಕ್ರಮ ಪರಿಷ್ಕರಿಸುವ ಕೆಲಸ ಒಪ್ಪಿಸಿದಾಗ.

ಮೂರನೆಯ ಘಟಕದ ಹೆಸರು ‘ಕುಟುಂಬ ಮತ್ತು ಹಿಂಸೆ’. ಹಿಂಸೆಯ ವ್ಯಾಖ್ಯೆ, ವಿಧಗಳು, ಕಾನೂನುಗಳು. ಹುಡುಗರು ಬಾಯಿಪಾಠ ಮಾಡಿ ಬರೆಯುತ್ತಿದ್ದರು, ಇವರು ಕಣ್ಣುಮುಚ್ಚಿ ಅಂಕ ಹಾಕುತ್ತಿದ್ದರು.

“ಪೂರ್ತಿ ಮಾರ್ಕ್ಸ್ ತಗೊಂಡಾಂವ ಮನಿಗೆ ಹೋಗಿ ತಂಗಿ ಕಪಾಳಕ್ಕ ಬಾರಿಸ್ತಾನ ಅಂದ್ರ ನಾವು ಕಲಿಸಿದ್ದೇನರೀ?” ಎಂದಿದ್ದರು ಅವರು. ಹಳೆಯದನ್ನೆಲ್ಲ ಹೊಡೆದುಹಾಕಿ ಒಂದೇ ಕೆಲಸ ಇಟ್ಟರು: ಪ್ರತಿ ವಿದ್ಯಾರ್ಥಿ ತನ್ನ ಮನೆಯ ಹಿರಿಯ ಹೆಂಗಸೊಬ್ಬಳನ್ನು ಕೂರಿಸಿಕೊಂಡು, ‘ನಿನ್ನ ಮೇಲೆ ಯಾರಾದರೂ ಕೈ ಎತ್ತಿದ್ದುಂಟೇ?’ ಎಂದು ಕೇಳಬೇಕು. ಕೇಳಿದ್ದನ್ನು ತರಗತಿಯಲ್ಲಿ ಹೇಳಬೇಕು. ಅದಕ್ಕೇ ಅಂಕ.

ರೂಪಾಲಿ ಬೆಳೆದದ್ದು ಶಹಾಪುರದ ಮಗ್ಗದ ಓಣಿಯಲ್ಲಿ. ಕರೆಂಟು ಹೋಗಿ ಮಗ್ಗಗಳು ನಿಂತಾಗ ಮಾತ್ರ ಅಲ್ಲಿ ಹೆಂಗಸರ ಅಳು ಕೇಳಿಸುತ್ತಿತ್ತು. ಅವಳು ಮರುಮಾತಿಲ್ಲದೆ ಒಪ್ಪಿದಳು.

ಮೊದಲು ನಾನೇ ಪರೀಕ್ಷಿಸಿ ನೋಡುತ್ತೇನೆಂದು ಗುರುಪುತ್ರಪ್ಪನವರು ಊರಿಗೆ ಹೋದರು. ತಾಯಿ ಬಸವಣ್ಣೆವ್ವನನ್ನು ಕೇಳಿದರು. ಮುದುಕಿ ಜೋಳ ಹಸನು ಮಾಡುತ್ತಿದ್ದ ಮೊರದಿಂದ ತಲೆಯೆತ್ತಲಿಲ್ಲವಂತೆ. “ನಿಮ್ಮಪ್ಪ ದೇವರಂಥಾಂವ,” ಎಂದಳಂತೆ.

“ನಾ ಕಣ್ಣಾರೆ ನೋಡೇನರೀ ರೂಪಾಲಿ,” ಎಂದರು ವಾಪಸು ಬಂದು. “ನಮ್ಮ ಘಟಕ ನಮ್ಮವ್ವನ ಮುಂದನ ಫೇಲಾತು.” ಆದರೂ ಬದಲಿಸಲಿಲ್ಲ.

*

ಖಾನಾಪುರದ ತನ್ನ ಮನೆಯ ಅಡುಗೆಮನೆಯಲ್ಲಿ ಸಾನಿಕಾ ತಾಯಿಗೆ ಆ ಪ್ರಶ್ನೆ ಕೇಳಿದಳು. ಕೃಷ್ಣಾಬಾಯಿ ಹೇಳತೊಡಗಿದಳು, ಒಮ್ಮೆ ಶುರುವಾದದ್ದು ನಿಲ್ಲಲೇ ಇಲ್ಲ. ಗಂಡ ಪಾಂಡುರಂಗ ಬಂದು ಬೆನ್ನ ಹಿಂದೆ ನಿಂತದ್ದು ಇಬ್ಬರಿಗೂ ತಿಳಿಯಲಿಲ್ಲ. ಒಲೆಯ ಪಕ್ಕದ ಕಟ್ಟಿಗೆ ಎತ್ತಿ ಅವನು ಹೊಡೆದ ಹೊಡೆತಕ್ಕೆ ಹೆಂಡತಿಯ ತೋಳಿನ ಎಲುಬು ಎರಡಾಯಿತು.

ಮರುದಿನ ತರಗತಿಯಲ್ಲಿ ತನ್ನ ಸರದಿ ಬಂದಾಗ ಹುಡುಗಿ ಎದ್ದು ನಿಂತು, “ಸರ್, ಆಯಿ ಉತ್ತರ ಹೇಳಿದ್ಲು. ಈಗ ದವಾಖಾನ್ಯಾಗ ಅದಾಳ,” ಎಂದಳು.

ಅಂದು ಗುರುಪುತ್ರಪ್ಪನವರು ಊಟ ಮಾಡಲಿಲ್ಲ. “ಪ್ರಶ್ನೆ ಬರದವರು ನಾವು, ಹೊಡತ ತಿಂದಾಕಿ ಆಕಿ,” ಎಂದರು. “ಹೊಡಿಯಾಂವ ಇರೂ ಮನ್ಯಾಗ ಕೇಳು ಅಂತ ಹುಡುಗಿನ್ನ ಕಳಿಸಿದ್ವೆಲ್ಲ, ನಮಗ ಬುದ್ಧಿ ಬ್ಯಾಡೇನು?” ಮೂರನೆಯ ಘಟಕವನ್ನು ಅಂದೇ ನಿಲ್ಲಿಸಿ, ಪೊಲೀಸರಿಗೆ ತಿಳಿಸಿದರು. ಪೊಲೀಸರು ಪಾಂಡುರಂಗನನ್ನು ಬೈದು ಬಿಟ್ಟುಕಳಿಸಿದರು.

ಕೃಷ್ಣಾಬಾಯಿಯನ್ನು ದವಾಖಾನೆಯಿಂದ ಮನೆಗೆ ಬಿಟ್ಟ ದಿನ ಅವರು ಖಾನಾಪುರಕ್ಕೆ ಹೊರಟರು. ರೂಪಾಲಿಯೂ ಜೊತೆಗೆ ಹೋದಳು.

ಪಾಂಡುರಂಗ ಅಂಗಳದಲ್ಲೇ ಇದ್ದ. ಗುರುಪುತ್ರಪ್ಪನವರು ಕೈಮುಗಿದು, “ತಪ್ಪು ನಂದು. ಸಿಟ್ಟಿದ್ರ ನನ್ನ ಮ್ಯಾಲ ತೀರಿಸ್ಕೋರಿ, ಆಕಿನ್ನ ಮುಟ್ಟಬ್ಯಾಡ್ರಿ,” ಎಂದರು.

“ನನ್ನ ಮನಿ ಮಾತು ಬಜಾರಕ್ಕ ತಂದಿ!” ಎಂದ ಪಾಂಡುರಂಗ. ಅರೆಕಟ್ಟಿದ ಗೋಡೆಯ ಮೇಲಿದ್ದ ಇಟ್ಟಿಗೆ ಅವನ ಕೈಗೆ ಬಂತು. ಮೊದಲ ಏಟಿಗೆ ಕನ್ನಡಕ ಹಾರಿತು. ಎರಡನೆಯದಕ್ಕೆ ಅವರು ಕುಳಿತರು. ಮೂರನೆಯದು ಬೀಳುವಷ್ಟರಲ್ಲಿ ರೂಪಾಲಿ ಅವನ ಕೈಗೆ ಜೋತುಬಿದ್ದು ಕಚ್ಚಿದ್ದಳು. ಬಾಯ್ತುಂಬ ರಕ್ತದ ರುಚಿ. ಯಾರ ರಕ್ತವೆಂದು ಅವಳಿಗೆ ಗೊತ್ತಾಗಲಿಲ್ಲ. ಪೊಲೀಸರು ಈ ಸಲ ಪಾಂಡುರಂಗನನ್ನು ಬಿಡಲಿಲ್ಲ. ಬೆಳಗಾವಿಯ ಆಸ್ಪತ್ರೆಗೆ ಸೇರಿಸಿದ ಗುರುಪುತ್ರಪ್ಪನವರು ಮತ್ತೆ ಕಣ್ಣು ತೆರೆಯಲಿಲ್ಲ.

*

ಹೊಲದಲ್ಲಿ ರೂಪಾಲಿ ಭುಜ ಹಿಡಿದು ಏಳುವಷ್ಟರಲ್ಲಿ ಅಡಿವೆಪ್ಪ ಸಲಿಕೆಯನ್ನು ಮತ್ತೆ ಎತ್ತಿದ್ದ. ಸಾನಿಕಾ ತಾಯಿಯನ್ನು ತಬ್ಬಿಕೊಂಡು ಬೆನ್ನು ಕೊಟ್ಟು ನಿಂತಿದ್ದಳು.

“ಹೊಡಿ,” ಎಂಬ ಮಾತು ಹಿಂದಿನಿಂದ ಬಂತು.

ಬಸವಣ್ಣೆವ್ವ ಶವದ ಪಕ್ಕದಿಂದ ಎದ್ದು ಬಂದಿದ್ದಳು. ಸೆರಗು ನೆಲದಲ್ಲಿ ಎಳೆಯುತ್ತಿತ್ತು.

“ನೀ ಹಿಂದಕ ಸರಿ ಯವ್ವಾ.”

“ಹೊಡಿಯೋ. ನಿಮ್ಮಪ್ಪನೂ ಹಿಂಗ ಹೊಡೀತಿದ್ದ.”

ಕೂಗುತ್ತಿದ್ದ ಹುಡುಗರು ಅವಳಿಗೆ ದಾರಿ ಬಿಟ್ಟರು.

“ಎತ್ತಿನ ಬಾರಕೋಲಿಲೆ ಹೊಡೀತಿದ್ದ. ನಿನಕಿಂತ ಮೊದಲ ಒಂದು ಕೂಸಿತ್ತು, ಹೊಟ್ಟ್ಯಾಗಿನ್ನೂ. ಬಾವಿಕಟ್ಟಿ ಮ್ಯಾಲಿಂದ ನೂಕಿದ. ಜಾರಿ ಬಿದ್ಲು ಅಂತ ಊರಿಗೆಲ್ಲ ಹೇಳಿದ. ನಾನೂ ಹಂಗ ಹೇಳಿದೆ.” ಮುದುಕಿ ಹುಡುಗರತ್ತ ನೋಡಿದಳು. “ನನ್ನ ಗಂಡ ಯಾವ ಓಣಿಯಾಂವ ಇದ್ದ? ಖಾನಾಪುರಕ್ಕ ಯಾಕ ಹೋಗ್ತೀರಿ? ಬೆಂಕಿ ಹಚ್ಚೂದಿದ್ರ ಇಲ್ಲೇ ಹಚ್ರಿ, ನಮ್ಮನೀಗೆ.”

ಅವಳು ಬೇವಿನ ಮರದ ಕಡೆ ತಿರುಗಿದಳು. ಕುಳಿತ ಮಗನೊಡನೆ, ಪಡಸಾಲೆಯಲ್ಲಿ ಮಾತಾಡುವಂತೆ, “ಅವತ್ತ ಕೇಳಿದೆಲ್ಲಪಾ, ಸುಳ್ಳ ಹೇಳಿದೆ. ಈಗ ಖರೇ ಹೇಳೇನಿ. ಬರ್ಕೋ,” ಎಂದಳು.

ರೂಪಾಲಿಗೆ ಅಲ್ಲಿಯವರೆಗೆ ಬಾರದಿದ್ದ ಅಳು ಆಗ ಬಂತು.

ಬಸವಣ್ಣೆವ್ವ ಕೃಷ್ಣಾಬಾಯಿಯ ಒಳ್ಳೆಯ ಕೈ ಹಿಡಿದು ಮರದಡಿಗೆ ಕರೆದೊಯ್ದಳು. ಕೃಷ್ಣಾಬಾಯಿ ಶವದ ಪಾದಕ್ಕೆ ಹಣೆ ಹಚ್ಚಿ, “ಹೊಡಿಬ್ಯಾಡ ಅಂತ ಹೇಳಾಕ ನಮ್ಮ ಮನಿಗೆ ಬಂದಾವ್ರು ಇವ್ರೊಬ್ಬರ,” ಎಂದು ಅರೆ ಮರಾಠಿಯಲ್ಲಿ, ಅರೆ ಕನ್ನಡದಲ್ಲಿ ಗೋಳಾಡಿದಳು. ಅಡಿವೆಪ್ಪ ಯಾರ ಮುಖವನ್ನೂ ನೋಡದೆ ಹೋಗಿ ಕುಣಿಗಿಳಿದ.

ಅಯ್ಯನವರು ಮಂತ್ರ ಹೇಳತೊಡಗಿದರು. ಕುಣಿಯೊಳಗೆ ಶವ ಕೂರಿಸಲು ಕೊರೆದ ಗೂಡಿಗೆ ಹಾಸಲು ಬಿಲ್ವಪತ್ರೆ ಬೇಕಾಯಿತು. ಅಡಿವೆಪ್ಪ ಕುಣಿಯೊಳಗಿಂದ ಕೈ ಮೇಲೆತ್ತಿ, ಪತ್ರೆಯ ಬುಟ್ಟಿ ಹಿಡಿದು ನಿಂತಿದ್ದ ಹೆಂಡತಿ ನಿಂಗವ್ವನ ಕಡೆಗೆ ಚಾಚಿದ. ಎತ್ತಿದ ಆ ಕೈಯನ್ನೇ ನೋಡುತ್ತ ನಿಂಗವ್ವ ಬಗ್ಗಿ ಬುಟ್ಟಿಯನ್ನು ಮಣ್ಣಿನ ಗುಡ್ಡೆಯ ಮೇಲೆ ಇಟ್ಟಳು. ಆಮೇಲೆ ಕಾಲಿನಿಂದ ಮೆಲ್ಲಗೆ ಮುಂದೆ ನೂಕಿ, ಥಟ್ಟನೆ ಹಿಂದೆ ಸರಿದು, ಅವನ ಕೈಗೆ ಎಟುಕದಷ್ಟು ದೂರದಲ್ಲಿ ಹೋಗಿ ನಿಂತಳು.